ಮೂಕ ಗುಡಾಣ

ಭೀಮೆಯ ದಂಡೆಯ ಸಂಕಲಗಿಗೆ ವೈನ್ ರುಚಿ ನೋಡಲು ಬರುವವರೆಲ್ಲ ಕೋಟೆಯ ನೆಲಮಾಳಿಗೆಗೂ ಇಳಿಯುತ್ತಾರೆ. ಅಲ್ಲಿ ಎರಡಾಳು ಎತ್ತರದ ಮಣ್ಣಿನ ಗುಡಾಣವೊಂದಿದೆ, ಹೊಟ್ಟೆ ಒಡೆದದ್ದು. ಪಕ್ಕದ ಕಲ್ಲುಮೆಟ್ಟಿಲು ಹತ್ತಿ, ಅದರ ಬಾಯೊಳಗೆ ತಲೆಯಿಟ್ಟು 'ಓ' ಎಂದರೆ ಮಾರ್ದನಿ ಬರುವುದಿಲ್ಲ. ಒಮ್ಮೆ ನಾನು ಒಳಗೆ ಕೂತು 'ಏನ್ರೀ' ಎಂದದ್ದಕ್ಕೆ ಒಬ್ಬರು ಚಪ್ಪಲಿ ಬಿಟ್ಟು ಓಡಿದ್ದರು, ಅದು ಬೇರೆ ಮಾತು. ಒಡಕು ಹೊಟ್ಟೆಗೆ ದನಿ ಎಲ್ಲಿಂದ, ಅದಕ್ಕೇ ಮೂಕ ಗುಡಾಣ ಎಂದುಕೊಂಡು ಜನ ಹೋಗುತ್ತಾರೆ. ಹೆಸರು ಬಂದದ್ದು ಹಾಗಲ್ಲ.

ಹಿಂದೆ ಒಮ್ಮೆ ಇಲ್ಲಿಯ ದ್ರಾಕ್ಷಾರಸ ಸುತ್ತಲ ಸೀಮೆಗೆಲ್ಲ ಹೋಗುತ್ತಿತ್ತಂತೆ. ಬರಿದಾದ ಗುಡಾಣಕ್ಕೆ ಹಗ್ಗ ಹಿಡಿದು ಇಳಿದು ತೊಳೆಯುವವಳು ಹೊನ್ನವ್ವ, ಮೇಲೆ ಹಗ್ಗ ಹಿಡಿಯುವವಳು ಅವಳ ಅತ್ತೆ ಸಿದ್ದವ್ವ. ತಳದ ಹುಳಿಗಾಳಿಗೆ ಎಚ್ಚರ ತಪ್ಪುತ್ತದೆ. ಆದ್ದರಿಂದ ಒಳಗಿದ್ದವರು ಬಿಡದೆ ಹಾಡಬೇಕು. ಹಾಡು ನಿಂತರೆ ಹೊರಗಿದ್ದವರು ಯಾರನ್ನೂ ಕೇಳದೆ ಗುಡಾಣ ಒಡೆಯಬೇಕು. ಹಾಡು ಕೇಳುತ್ತಿರುವಾಗ ಒಡೆದವರಿಗೆ ಕೈ ಉಳಿಯುತ್ತಿರಲಿಲ್ಲ. ಇದು ಕಿಲ್ಲೇದಾರನ ಕಟ್ಟಳೆ ಎನ್ನುತ್ತಾರೆ.

ಹೊನ್ನವ್ವನ ಬಾಯಿ ಸುಮ್ಮನಿರುವಂಥದ್ದಲ್ಲ. ಒಂದು ದಿನ, ಕೋಟೆಯ ಉಗ್ರಾಣ ನೋಡಿಕೊಳ್ಳುವ ಕಾರಭಾರಿ ತಿಮ್ಮಾಜಿ ರಸ ಕದ್ದು ಕುಡಿದು ನೀರು ಬೆರೆಸುವುದನ್ನೇ ಒಳಗಿನಿಂದ ಹಾಡಿದಳು. ಆಳುಗಳು ಹೊಟ್ಟೆ ಹಿಡಿದು ನಕ್ಕರು. ಅದನ್ನು ಕೇಳಿದ ತಿಮ್ಮಾಜಿ ಸಿದ್ದವ್ವನ ಕೈಯಿಂದ ಹಗ್ಗ ಕಸಿದು ಮೇಲೆಳೆದುಕೊಂಡ. "ಹಾಡು ನಿಲ್ಲಸು, ತಪ್ಪಾತು ಅನ್ನು. ಆಮ್ಯಾಲೆ ಹಗ್ಗ," ಎಂದ. ಹೊನ್ನವ್ವ ಹಟಕ್ಕೆ ಇನ್ನೆರಡು ಸಾಲು ಅವನ ಮೀಸೆಯ ಮೇಲೇ ಕಟ್ಟಿದಳು. ಆದರೆ ನುಣುಪು ಗೋಡೆಗೆ ಉಗುರು ನಿಲ್ಲಲಿಲ್ಲ, ಮೇಲೆ ಬೆಳಕು ಒಂದು ತಟ್ಟೆಯಷ್ಟು. ಕಾಲು ಭಾರವಾಯಿತು, ಹಾಡು ತೊದಲಿತು. ಗುಡಾಣ ಒಡೆಯಲೆಂದೇ ಇಟ್ಟಿದ್ದ ಹಾರೆ ಕೈಗೆಟಕುವಷ್ಟು ದೂರದಲ್ಲಿದ್ದರೂ ಸಿದ್ದವ್ವ ಅದನ್ನು ಮುಟ್ಟುವಂತಿರಲಿಲ್ಲ. ಹಾಡು ಇನ್ನೂ ಕೇಳುತ್ತಿತ್ತು.

ಆಗ ಒಳಗಿನಿಂದ ದನಿ ಬಂತು. "ಆತ್ರೀ ಕಾರಭಾರ್ಯಾರ, ನೀವು ಗೆದ್ರಿ. ನಿಲ್ಲಸ್ತೀನಿ." ಆಮೇಲೆ ಗುಡಾಣ ಗಪ್ಪಾಯಿತು. ತಿಮ್ಮಾಜಿ ಮೀಸೆ ತಿರುವಿದ. ಸಿದ್ದವ್ವ ಹಾರೆ ಎತ್ತಿದಳು.

"ಏ ಮುದುಕಿ, ಅಕಿ ಜೀವಂತ ಅದಾಳ."

"ಇರಬಹುದ್ರೀ. ಹಾಡು ನಿಂತದ. ನಿಲ್ಲಸು ಅಂದವರು ನೀವ."

ಮೂರನೆಯ ಏಟಿಗೆ ಗುಡಾಣದ ಹೊಟ್ಟೆ ಬಿರಿಯಿತು. ಹೊನ್ನವ್ವ ತೆವಳಿ ಹೊರಗೆ ಬಂದು, ಬಹಳ ಹೊತ್ತು ಕೆಮ್ಮಿದ ಮೇಲೆ, ಬಿಟ್ಟಿದ್ದ ಸಾಲನ್ನು ಮುಗಿಸಿದಳಂತೆ.

ಬಗ್ಗಿದ ಹೆಂಗಸೊಬ್ಬಳು ನುಸುಳುವಷ್ಟು ಅಗಲದ ಆ ಒಡಕನ್ನು ಈಗಲೂ ನೋಡಬಹುದು. ಮೇಲೆ ಬಂದರೆ ಎದುರಿಗೇ ವೈನ್ ಕಾರ್ಖಾನೆ. ಅಲ್ಲಿ ತೊಟ್ಟಿ ತೊಳೆಯುವ ಹೆಂಗಸರು ದಿನವಿಡೀ ಹಾಡುತ್ತಾರೆ. ಸುಮ್ಮನಿರಿ ಎಂದು ಯಾವ ಮೇಸ್ತ್ರಿಯೂ ಹೇಳುವುದಿಲ್ಲ.