ತೂತಿಲ್ಲದ ಪೆಟ್ಟಿಗೆ

"ಗುರುಗಳೇ, ಸಿಟ್ಟು ಇಳಿಯಲು ಇನ್ನು ಯಾವ ವ್ರತ ಹಿಡಿಯಲಿ?" ಎಂದು ಚೆನ್ನವೀರ ಕೇಳಿದ.

ಮಠದಲ್ಲಿ ಅವನ ಸಿಟ್ಟಿನ ಸಂಗತಿ ಗೊತ್ತಿಲ್ಲದವರಿರಲಿಲ್ಲ. ಮೂರು ತಿಂಗಳ ಹಿಂದೆ ಪ್ರವಚನ ಮಾಡುತ್ತ ಮಾತು ಮರೆತು ನಿಂತಿದ್ದ. ಜೊತೆಯ ಶಿಷ್ಯನೊಬ್ಬ ಆ ಮಾತನ್ನು ಎತ್ತಿಕೊಟ್ಟ. ಅಂದಿನಿಂದ ಆ ಶಿಷ್ಯನ ಮುಖ ಕಂಡರೆ ಇವನಿಗೆ ಮೈಯೆಲ್ಲ ಉರಿ. ಮರೆತದ್ದು ನಿಜ ಎಂದು ಒಪ್ಪಿಕೊಳ್ಳಲು ಮಾತ್ರ ಬಾಯಿ ಬರಲೊಲ್ಲದು. ಮೌನ ಹಿಡಿದ, ಒಪ್ಪೊತ್ತು ಉಂಡ, ದಿನಾ ಬೆಳಿಗ್ಗೆ ತಣ್ಣೀರು ಸುರಿದುಕೊಂಡ. ನೆಗಡಿ ಬಂತು, ಸಿಟ್ಟು ಹೋಗಲಿಲ್ಲ.

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಶುರುಮಾಡಿದರು.

ಒಬ್ಬ ಬಡಗಿ ಇದ್ದ. ಅವನು ಕೂಡಿಸಿದ ಹಲಗೆಗಳ ನಡುವೆ ಕೂದಲೆಳೆಯೂ ತೂರುತ್ತಿರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ತೊಂದರೆ ಬಂದದ್ದೇ ಅಲ್ಲಿ. ಅವನ ಗರಗಸ ತಿರುಗಿಸುವ ಮೋಟರು ಮರದ ಹೊಟ್ಟು ತುಂಬಿ ಸುಟ್ಟುಹೋಯಿತು. ಹೆಂಡತಿಯ ಅಣ್ಣನ ಹತ್ತಿರ ಇನ್ನೊಂದನ್ನು ಎರವಲು ತಂದ. ಆ ಮಹಾರಾಯ ಮೋಟರಿನ ಜೊತೆಗೆ ಒಂದು ಮಾತನ್ನೂ ಕೊಟ್ಟು ಕಳಿಸಿದ. ಇದೂ ಸುಟ್ಟರೆ ನೀನೂ ಬರಬೇಡ, ನನ್ನ ತಂಗಿಯೂ ತವರಿನ ಹೊಸ್ತಿಲು ತುಳಿಯುವುದು ಬೇಡ ಎಂದ.

ಹೊಟ್ಟು ತಾಗದಿರಲೆಂದು ಬಡಗಿ ಮೋಟರಿಗೆ ತೇಗದ ಪೆಟ್ಟಿಗೆ ಮಾಡಿದ. ಎಂಥ ಪೆಟ್ಟಿಗೆ ಅಂತೀಯ! ಇರುವೆ ಕೂಡ ದಾರಿ ಹುಡುಕಿ ಸೋಲಬೇಕು. ಮೋಟರಿನ ದಂಡ ಹೊರಬರುವಷ್ಟು ಜಾಗ ಬಿಟ್ಟಿದ್ದ, ಅದಕ್ಕೂ ತೊಗಲಿನ ಬಳೆ ತೊಡಿಸಿದ್ದ. ಕಿಟಕಿ ಮಾಡಿಸಲು ಬಂದವರು ಕಿಟಕಿ ಮರೆತು ಪೆಟ್ಟಿಗೆ ನೋಡುತ್ತ ನಿಲ್ಲುತ್ತಿದ್ದರು.

ಅರ್ಧ ಗಂಟೆ ಓಡಿದರೆ ಸಾಕು, ಪೆಟ್ಟಿಗೆ ಮುಟ್ಟಿದ ಕೈ ಚುರ್ ಎನ್ನುತ್ತಿತ್ತು. ಕರೆಂಟಿನ ಕೆಲಸದವನು ಬಂದು ನೋಡಿ, ಕೆಳಗೂ ಮೇಲೂ ತೂತು ಕೊರೆ, ಬಿಸಿ ಹೊರಗೆ ಹೋಗಲಿ ಎಂದ. ಬಡಗಿಗೆ ಹೆತ್ತ ಮಗುವಿನ ಮೂಗು ಕೊಯ್ಯಲು ಹೇಳಿದಂತಾಯಿತು. ಆ ಪುಣ್ಯಾತ್ಮನಿಗೆ ಒಂದು ಲೋಟ ಚಹಾ ಕೂಡ ಕೊಡದೆ ಸಾಗಹಾಕಿದ. ಪೆಟ್ಟಿಗೆಯೊಳಗೆ ಪುಟ್ಟ ಫ್ಯಾನೊಂದನ್ನು ಕೂರಿಸಿದ. ಬಿಸಿ ಇಳಿಯಲಿಲ್ಲ. ಎದುರಿಗೆ ಇನ್ನೊಂದು ಕೂರಿಸಿದ. ಬಿಸಿ ಏರಿತು. ಮೂರನೆಯದನ್ನು ಕೂರಿಸಿದ ಮೇಲೆ ಫ್ಯಾನುಗಳೇ ಕಾಯತೊಡಗಿದವು. ಹೊಸ ಗಾಳಿಗೆ ದಾರಿಯಿಲ್ಲ, ಇದ್ದ ಬಿಸಿ ಗಾಳಿಯನ್ನೇ ಮೂರೂ ಸೇರಿ ಒಂದರ ಮುಖಕ್ಕೊಂದು ಊದುತ್ತಿದ್ದವು. ಮೂರು ಸಾಲದು, ಪೇಟೆಯಿಂದ ದೊಡ್ಡದೊಂದು ತರುತ್ತೇನೆ ಎಂದು ಬಡಗಿ ಚಪ್ಪಲಿ ಮೆಟ್ಟಿದ.

ಅಷ್ಟರಲ್ಲಿ ವಾಸನೆ ಬಂತು. ಒಲೆಯ ಮೇಲೆ ಏನೂ ಸೀಯುತ್ತಿಲ್ಲ ಎಂದು ನೋಡಿಕೊಂಡು ಹೆಂಡತಿ ಓಡಿಬಂದಳು. ಪೆಟ್ಟಿಗೆಯ ಮೇಲೆ ಕೈಯಿಟ್ಟವಳು ಥಟ್ಟನೆ ಹಿಂದೆಗೆದಳು. ತವರು ಕೈಬಿಟ್ಟುಹೋಗುತ್ತಿರುವುದು ಅವಳಿಗೆ ತಿಳಿಯಿತು. ಸ್ವಿಚ್ಚು ಆರಿಸಿದಳು.

"ಕಂಬಳಿ ಹೊದ್ದು ಒಳಗೆ ಬೀಸಣಿಗೆ ಬೀಸಿಕೊಂಡರೆ ಬೆವರು ಆರುತ್ತದೆಯೇ? ನಿಮಗೆ ಮೋಟರು ಉಳಿಯಬೇಕೋ, ಪೆಟ್ಟಿಗೆ ಉಳಿಯಬೇಕೋ?"

"ಪೆಟ್ಟಿಗೆ" ಎಂದುಬಿಟ್ಟ ಬಡಗಿ.

ಅವಳು ಅವನದೇ ಬೈರಿಗೆ ಎತ್ತಿಕೊಂಡು ಕೆಳಗೆ ನಾಲ್ಕು, ಮೇಲೆ ನಾಲ್ಕು ತೂತು ಕೊರೆದಳು. ಹೊಟ್ಟು ನುಗ್ಗದಂತೆ ಕೆಳಗಿನವಕ್ಕೆ ಜಾಳು ಬಟ್ಟೆ ಬಿಗಿದಳು. ಒಳಗಿನ ಬಿಸಿಯೆಲ್ಲ ಬುಸ್ಸೆಂದು ಬಡಗಿಯ ಮುಖಕ್ಕೆ ಬಡಿಯಿತು, ಅವನು ಅತ್ತೇಬಿಟ್ಟ. ಅಂದು ಸಂಜೆಯವರೆಗೆ ಒಂದೇ ಫ್ಯಾನಿನಲ್ಲಿ ಮೋಟರು ತಣ್ಣಗೆ ಓಡಿತು. ವಾರದ ಮೇಲೆ ಬಂದ ಗಿರಾಕಿಯೊಬ್ಬ, ಇಷ್ಟು ನೇರ ಸಾಲಿನಲ್ಲಿ ತೂತು ಕೊರೆದವರು ಯಾರು ಎಂದು ಬೆರಗಾಗಿ ಕೇಳಿದ. ಬಡಗಿ ಎದೆ ಸೆಟೆಸಿ, ನಾನೇ ಎಂದ.

ಚೆನ್ನವೀರ ಹೊಟ್ಟೆ ಹಿಡಿದುಕೊಂಡು ನಕ್ಕ. ಇಂಥ ಮಂಕನೂ ಇರುತ್ತಾನೆಯೇ ಎಂದು ಕಣ್ಣೊರೆಸಿಕೊಂಡ. ನಗು ನಿಂತ ಮೇಲೆ ತನ್ನ ಕೆಲಸ ನೆನಪಾಯಿತು. ಅದಿರಲಿ, ನಾನು ಹಿಡಿಯಬೇಕಾದ ವ್ರತ ಯಾವುದೆಂದು ತಾವು ಹೇಳಲೇ ಇಲ್ಲವಲ್ಲ ಎಂದು ಕೈಮುಗಿದ.

ಗುರುಗಳೆಂದರು: "ನೀನು ಕೇಳುತ್ತಿರುವುದು ನಾಲ್ಕನೆಯ ಫ್ಯಾನು."