ಬಳಚಿನ ಬೆನ್ನ ಮೇಲೆ ಗೆರೆ ಬಂದದ್ದು

ಇದು ನಡೆದದ್ದು ಲೋಕ ಹೊಸದಾಗಿದ್ದಾಗ, ನದಿ ಕಡಲಿಗೆ ದಾರಿ ಕಂಡುಕೊಂಡ ಹತ್ತನೆಯ ವರ್ಷ.

ನದಿ ಕಡಲು ಸೇರುವಲ್ಲಿ, ಕೆಸರಿನೊಳಗೆ, ಬಳಚು ಎಂಬ ಚಿಪ್ಪುಜೀವಿಗಳಿದ್ದವು. ಅವುಗಳ ಚಿಪ್ಪು ಆಗ ಮೊಟ್ಟೆಯಂತೆ ನುಣುಪು. ಎಲ್ಲವೂ ಒಂದೇ ಅಳತೆ. ಮರಿ ಹುಟ್ಟುವಾಗಲೇ ಪೂರ್ತಿ ಮನೆ ಹೊತ್ತು ಹುಟ್ಟುತ್ತಿತ್ತು. ಒಳಗಿನ ಜೀವ ಮಾತ್ರ ನಿಧಾನವಾಗಿ ಬೆಳೆಯುತ್ತಿತ್ತು.

ದಡದಲ್ಲಿ ಮಂಕಾಳಿ ಎಂಬವಳಿದ್ದಳು. ಅವಳ ಮಗಳು ಮಾಸ್ತಿ ಹೆತ್ತು ಒಂಬತ್ತು ದಿನವಾಗಿತ್ತು. ಎದೆಹಾಲು ಸಾಲದು. ಕೂಸು ಅಳುತ್ತಿತ್ತು.

ಬಳಚಿನ ಸಾರು ಕುಡಿದರೆ ಹಾಲು ಬಂದೀತೆಂದು ಮಂಕಾಳಿ ನೀರು ಇಳಿದ ಹೊತ್ತಿಗೆ ಕೆಸರಿಗೆ ಹೋದಳು. ಪಾದದಿಂದ ತಡವಿದಳು, ಕಾಲ್ಬೆರಳಿಂದ ಎತ್ತಿದಳು, ಬುಟ್ಟಿ ತುಂಬಿದಳು. ಮನೆಗೆ ಬಂದು ಕಾಯಿ ಅರೆದಳು, ಮುರುಗಲ ಹುಳಿ ಹಾಕಿದಳು. ಚಿಪ್ಪು ಬಾಯಿ ಬಿಟ್ಟಾಗ ಒಳಗಿದ್ದದ್ದು ಅಕ್ಕಿಕಾಳಿನಷ್ಟು ಮಾಂಸ.

ಮರುದಿನವೂ ಹೋದಳು. ಮರುದಿನವೂ ಅಕ್ಕಿಕಾಳು.

"ಅಬ್ಬೆ, ಇದು ಬಳಚಿನ ಸಾರೋ, ಚಿಪ್ಪು ತೊಳೆದ ನೀರೋ?" ಎಂದಳು ಮಾಸ್ತಿ.

ಮೂರನೆಯ ದಿನ ಬುಟ್ಟಿ ತುಂಬುತ್ತಿದ್ದಾಗ ಕಾಲ ಕೆಳಗಿನಿಂದ ಒಂದು ಮುದಿ ಬಳಚು ಮಾತಾಡಿತು.

"ಮಾರಾಯ್ತಿ, ಎರಡು ದಿನದಿಂದ ನಮ್ಮ ಕೂಸುಗಳನ್ನೇ ಒಯ್ತಿದ್ದೀಯಲ್ಲ. ಅವು ಬೆಳೆಯೋದು ಯಾವಾಗ, ಮರಿ ಹಾಕೋದು ಯಾವಾಗ?"

ಮಂಕಾಳಿ ಕಾಲೆತ್ತಿದಳು. "ನಂಗೆ ಹ್ಯಾಂಗೆ ಗೊತ್ತಾಗ್ಬೇಕು? ನಿಮ್ಮೆಲ್ಲರದ್ದೂ ಒಂದೇ ಮುಖ."

"ನಮಗೂ ನೀವೆಲ್ಲ ಒಂದೇ. ಬರೀ ಅಂಗಾಲು."

ಮಂಕಾಳಿ ಬುಟ್ಟಿಯನ್ನು ಕೆಸರಿಗೆ ಬಗ್ಗಿಸಿದಳು. ಒಂದೂ ಉಳಿಸಿಕೊಳ್ಳಲಿಲ್ಲ.

"ನನ್ನ ಮನೇಲೂ ಒಂದು ಕೂಸು ಅಳ್ತದೆ. ಇವತ್ತು ಏನು ಬೇಯಿಸ್ಲಿ?"

ಮುದಿ ಬಳಚು ಕೆಸರಿನಿಂದ ಮೇಲೆ ಬಂತು. "ನಾನು ಮರಿ ಹಾಕಿ ಆಯ್ತು. ನನ್ನ ವಯಸ್ಸಿನವು ಇನ್ನೂ ಆರು ಇದ್ದಾವೆ, ಇಲ್ಲೇ ಪಕ್ಕದಲ್ಲಿ. ನಮ್ಮನ್ನ ಒಯ್ಯಿ. ಆದ್ರೆ ಯಾವುದು ಕೂಸು, ಯಾವುದು ಮುದಿ ಅಂತ ನಾಳೆ ನಿಂಗೆ ಯಾರು ಹೇಳ್ತಾರೆ?"

"ನಾನು ಹೇಳ್ತೇನೆ" ಎಂದಿತು ನದಿ. ಅದು ಅಷ್ಟು ಹೊತ್ತೂ ಕೇಳಿಸಿಕೊಂಡಿತ್ತು. "ಬಳಚುಗಳೇ, ಇನ್ನು ಮೇಲೆ ಚಿಕ್ಕ ಮನೆಯೊಂದಿಗೆ ಹುಟ್ಟಿ. ಅದನ್ನು ಸ್ವಲ್ಪಸ್ವಲ್ಪವೇ ಕಟ್ಟಿಕೊಳ್ಳಿ. ಮಳೆಗಾಲದಲ್ಲಿ ನನ್ನ ನೀರಿನ ಉಪ್ಪು ಹೋಗ್ತದೆ. ಆಗ ಬಾಯಿ ಮುಚ್ಚಿ, ಕೆಲಸ ನಿಲ್ಲಿಸಿ. ನಿಲ್ಲಿಸಿದಲ್ಲಿ ಒಂದು ಗೆರೆ ಉಳೀತದೆ. ಮೂರು ಗೆರೆ ಬೀಳುವಷ್ಟರಲ್ಲಿ ಮರಿ ಹಾಕಿ ಆಗಿರ್ತದೆ."

"ಮೂರು" ಎಂದಳು ಮಂಕಾಳಿ. "ನೆನಪಿರ್ತದೆ."

ಅಂದು ಏಳೇ ಬಳಚು ಬೆಂದವು. ಸಾರು ದಪ್ಪಗಿತ್ತು. ಮಾಸ್ತಿ ಎರಡು ಬಟ್ಟಲು ಕುಡಿದಳು. ಸಂಜೆ ಕೂಸು ಹೊಟ್ಟೆ ತುಂಬ ಹಾಲು ಕುಡಿದು, ಬಾಯಿ ತೆರೆದುಕೊಂಡೇ ನಿದ್ದೆಹೋಯಿತು.

ಅದಕ್ಕೇ ಮಗೂ, ಇವತ್ತಿಗೂ ಬಳಚಿನ ಬೆನ್ನ ಮೇಲೆ ಗೆರೆಗಳಿವೆ. ತೊಳೆಯುವಾಗ ಹೆಬ್ಬೆರಳಿನಿಂದ ಸವರಿ ನೋಡು. ಮೂರಿದ್ದರೆ ಪಾತ್ರೆಗೆ. ಕಡಿಮೆಯಿದ್ದರೆ ಕೆಸರಿಗೆ ವಾಪಸು. ನಿನ್ನ ಕೈಯಲ್ಲಿರುವುದಕ್ಕೆ ಎರಡು.