ಸೊಪ್ಪು ಒರೆಸಿದ ವೈದ್ಯ

“ಗುರುಗಳೇ, ಮಳೆಗಾಲದಲ್ಲಿ ದೇಹಕ್ಕೆ ಇಳಿಯುವ ತೇವವನ್ನು ಹೊರಹಾಕಲು ಎಲ್ಲಕ್ಕಿಂತ ಒಳ್ಳೆಯ ಮದ್ದು ಯಾವುದು?” ಎಂದು ಶಿಷ್ಯ ಕೇಳಿದ.

ಚೀನಾ ದೇಶದ ದಕ್ಷಿಣದ ಒಂದು ಊರಿನಲ್ಲಿ ಅವನು ವೃದ್ಧ ವೈದ್ಯರೊಬ್ಬರ ಬಳಿ ಕಲಿಯುತ್ತಿದ್ದ. ಆ ಮಳೆಗಾಲದಲ್ಲಿ ಮೊದಲ ಬಾರಿಗೆ ಒಬ್ಬ ದೋಣಿಯವನಿಗೆ ತಾನೇ ಚಿಕಿತ್ಸೆ ಮಾಡುತ್ತಿದ್ದ. ನಾಡಿ ನೋಡಿದ್ದ, ನಾಲಿಗೆ ನೋಡಿದ್ದ, ಶಾಸ್ತ್ರದಲ್ಲಿ ಇದ್ದಂತೆಯೇ ಮದ್ದು ಕಟ್ಟಿಕೊಟ್ಟಿದ್ದ. ಆದರೂ ದೋಣಿಯವನ ಕಾಲಿನ ಊತ ಇಳಿದಿರಲಿಲ್ಲ. ಮದ್ದು ಬದಲಿಸಬೇಕೇ, ಪ್ರಮಾಣ ಹೆಚ್ಚಿಸಬೇಕೇ ಎಂದು ಅವನಿಗೆ ತಿಳಿಯದಾಗಿತ್ತು.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಸೂಯುನ್ ಎಂಬ ಹೆಂಗಸು ರೇಷ್ಮೆ ಹುಳು ಸಾಕುತ್ತಿದ್ದಳು. ಗಂಡ ಮರದ ದಿಮ್ಮಿ ಸಾಗಿಸುವ ಕೆಲಸಕ್ಕೆ ದೂರ ಹೋಗಿದ್ದ. ಮನೆಯಲ್ಲಿ ಅವಳೊಬ್ಬಳೇ. ಒಂದು ವರ್ಷ ಮಳೆ ಬಿಡದೆ ಹಿಡಿಯಿತು. ಅವಳ ಕಾಲು ಊದಿತು, ಬಾಯಿಗೆ ರುಚಿ ಹೋಯಿತು. ಒಂದು ಬೆಳಿಗ್ಗೆ ಸೊಪ್ಪಿನ ಬುಟ್ಟಿ ಹೊತ್ತು ಬರುವಾಗ ದಾರಿಯಲ್ಲೇ ಕುಸಿದಳು. ಕಂಡವರು ಎತ್ತಿ ಆ ಊರಿನ ವೈದ್ಯರೊಬ್ಬರ ಬಳಿಗೆ ಕರೆತಂದರು.

ವೈದ್ಯರು ಅವಳ ನಾಲಿಗೆಯ ಮೇಲಿನ ದಪ್ಪ ಬಿಳಿ ಪದರವನ್ನು ನೋಡಿದರು. ಹೊರಗಿನ ತೇವ ಒಳಗೆ ಸೇರಿ ಹೊಟ್ಟೆಯ ಬೆಂಕಿಯನ್ನು ನಂದಿಸುತ್ತಿದೆ, ಹೀಗೇ ಬಿಟ್ಟರೆ ಹಾಸಿಗೆ ಹಿಡಿಯುವೆ ಎಂದರು. ಹಳೆಯ ಕಿತ್ತಳೆ ಸಿಪ್ಪೆ, ಶುಂಠಿ, ಹುರಿದ ಬಾರ್ಲಿ ಕಟ್ಟಿಕೊಟ್ಟರು. ಕಷಾಯವನ್ನು ಬಿಸಿಯಾಗಿಯೇ ಕುಡಿಯಬೇಕು, ತಣ್ಣನೆಯ ಅನ್ನ ಮುಟ್ಟಬಾರದು, ಒದ್ದೆ ಬಟ್ಟೆಯಲ್ಲಿ ಇರಬಾರದು ಎಂದು ಹೇಳಿ ಕಳಿಸಿದರು. ಅವಳು ತಲೆಯಾಡಿಸಿ ಹೋದಳು.

ಕೆಲವು ದಿನಗಳ ಮೇಲೆ ವೈದ್ಯರು ಅವಳನ್ನು ಸಂತೆಯಲ್ಲಿ ಕಂಡರು. ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು. ಕೇಳಿದರೆ, ಮದ್ದಿನ ಗಂಟನ್ನು ಇನ್ನೂ ಬಿಚ್ಚಿಲ್ಲ ಎಂದಳು. ವೈದ್ಯರಿಗೆ ಸಿಟ್ಟು ಬಂತು. ಮರುದಿನ ಬೆಳಿಗ್ಗೆ ಬುದ್ಧಿ ಹೇಳಲೆಂದೇ ಅವಳ ಮನೆಗೆ ಹೋದರು.

ಹುಳುಗಳಿದ್ದ ಕೋಣೆಯಲ್ಲಿ ಕೆಂಡ ಉರಿಯುತ್ತಿತ್ತು. ನೆಲಕ್ಕೆ ಒಣ ಹುಲ್ಲು ಹಾಸಿತ್ತು. ಸೂಯುನ್ ಮಳೆಯಲ್ಲಿ ಕಿತ್ತು ತಂದ ಹಿಪ್ಪುನೇರಳೆ ಸೊಪ್ಪನ್ನು ಒಂದೊಂದೇ ಎಲೆಯಾಗಿ ಬಟ್ಟೆಯಿಂದ ಒರೆಸಿ ಹುಳುಗಳಿಗೆ ಹಾಕುತ್ತಿದ್ದಳು. ಅವಳ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಒದ್ದೆ ಸೊಪ್ಪು ತಿಂದರೆ ಇವು ಸಾಯುತ್ತವೆ, ವೈದ್ಯರೇ,” ಎಂದಳು. “ನಾನು ಕಷಾಯ ಕಾಯಿಸುತ್ತಾ ಕೂತರೆ ಇವನ್ನು ನೋಡುವವರು ಯಾರು?”

ವೈದ್ಯರು ಅಂಗಿಯ ತೋಳು ಮಡಿಸಿ ಬುಟ್ಟಿಯ ಮುಂದೆ ಕೂತರು.

“ಒರೆಸುವುದು ಹೇಗೆಂದು ತೋರಿಸು, ಮಗಳೇ. ಆಮೇಲೆ ಹೋಗಿ ಬಟ್ಟೆ ಬದಲಿಸಿಕೊ.”

ಅವಳು ತೋರಿಸಿದಳು. ಒಣ ಬಟ್ಟೆ ಉಟ್ಟು ಬಂದು ಒಲೆಯ ಮುಂದೆ ಕೂತು ಕಷಾಯ ಕಾಯಿಸಿದಳು. ಆದರೆ ಸುಮ್ಮನೆ ಕೂರುವುದು ಅವಳಿಗೆ ಬರಲಿಲ್ಲ. ಮತ್ತೆ ಮತ್ತೆ ಕೈ ಬುಟ್ಟಿಯ ಕಡೆಗೇ ಹೋಗುತ್ತಿತ್ತು. ವೈದ್ಯರು ಆ ಕೈಯಲ್ಲಿ ಬಟ್ಟಲನ್ನು ಇಟ್ಟರು. ಗಂಡ ದೂರ ಹೋದ ಮೇಲೆ ಅವಳ ಕೈಗೆ ಯಾರೂ ಹೀಗೆ ಒಂದು ಬಿಸಿ ಬಟ್ಟಲು ಕೊಟ್ಟಿರಲಿಲ್ಲ. ಬಟ್ಟಲು ಹಿಡಿದುಕೊಂಡು ಅವಳು ಅತ್ತಳು. ವೈದ್ಯರು ತಲೆ ಎತ್ತದೆ ಎಲೆ ಒರೆಸುತ್ತಿದ್ದರು.

ಅವರು ಪ್ರತಿ ಬೆಳಿಗ್ಗೆ ಅಲ್ಲಿಗೆ ಹೋಗತೊಡಗಿದರು. ಅವರನ್ನು ಹುಡುಕಿಕೊಂಡು ಬಂದ ರೋಗಿಗಳು ಅದೇ ಕೋಣೆಯಲ್ಲಿ ಕೂತು ಕಾಯಬೇಕಾಯಿತು. ಒಬ್ಬ ಕಮ್ಮಾರ ಮೊದಲು ಗೊಣಗಿದ. ಆಮೇಲೆ ಕಾಯುವ ಬೇಸರಕ್ಕೆ ತಾನೂ ಒಂದು ಬಟ್ಟೆ ಎತ್ತಿಕೊಂಡ. ಅವನನ್ನು ನೋಡಿ, ನಿದ್ದೆ ಬಾರದೆಂದು ಮದ್ದಿಗೆ ಬಂದಿದ್ದ ಮೀನು ಮಾರುವ ಮುದುಕಿಯೂ ಎತ್ತಿಕೊಂಡಳು. ಮುದುಕಿ ತನಗೆ ಈಗ ನಿದ್ದೆ ಬರುತ್ತಿದೆ, ಮದ್ದು ಬೇಡ ಎಂದು ಹೇಳಿದ ಮೇಲೂ ಬರುತ್ತಲೇ ಇದ್ದಳು.

ಹುಳುಗಳು ಬಲಿತು ಗೂಡು ಕಟ್ಟುವ ಹೊತ್ತಿಗೆ ಸೂಯುನ್‌ಳ ಊತ ಇಳಿದಿತ್ತು. ಒಂದು ದಿನ ಅವಳು ಮುದುಕಿ ಕಾಯಿಸಿದ ಶುಂಠಿ ಹಾಕಿದ ಬಿಸಿ ಗಂಜಿಯನ್ನು ಇನ್ನೊಂದು ಬಟ್ಟಲು ಕೇಳಿ ಹಾಕಿಸಿಕೊಂಡು ಕುಡಿದಳು. ಬಾಯಿಗೆ ರುಚಿ ಮರಳಿದ್ದನ್ನು ಕಂಡು ವೈದ್ಯರು ನಾಳೆಯಿಂದ ತಾವು ಬರುವುದಿಲ್ಲ ಎಂದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಅದುವರೆಗೂ ಗಮನವಿಟ್ಟು ಕೇಳಿದ್ದ.

“ಆ ವೈದ್ಯರು ಕೊಟ್ಟ ಮದ್ದಿನಲ್ಲಿ ಕಿತ್ತಳೆ ಸಿಪ್ಪೆ ಎಷ್ಟಿತ್ತು, ಗುರುಗಳೇ?” ಎಂದು ಕೇಳಿದ.

“ನೀನು ಕೊಟ್ಟಷ್ಟೇ,” ಎಂದರು ಗುರುಗಳು. “ನಿನ್ನ ದೋಣಿಯವನು ಈ ಮಳೆಯಲ್ಲಿ ಮಲಗುವುದು ಎಲ್ಲಿ?”